ಕೆಳಗಿನಿಂದ ಬರುವ ಚಳಿ

ಪುಷ್ಯ ಮಾಸದ ಬೆಳಗಿನ ಜಾವ ಅಂಜನಾಪುರದ ಏರಿ ಮೇಲೆ ನಡೆದು ಬಂದರೆ, ದಾರಿ ಬದಿಗೆ ಯಾರೋ ಗೊಬ್ಬರದ ಚೀಲ ಇಟ್ಟು ಹೋಗಿದ್ದಾರೆ ಅನ್ನಿಸುತ್ತದೆ. ಹತ್ತಿರ ಹೋದಾಗ ಚೀಲ ಕೆಮ್ಮುತ್ತದೆ. ಇನ್ನೂ ಹತ್ತಿರ ಹೋದರೆ ಚೀಲದ ಬಾಯಲ್ಲೊಂದು ಕೋತಿ ಟೋಪಿ, ಟೋಪಿಯೊಳಗೊಂದು ಬೀಡಿ. ಕುಕ್ಕರಗಾಲಲ್ಲಿ ಕೂತು, ಲುಂಗಿಯನ್ನು ಮೇಲೆ ಕುತ್ತಿಗೆವರೆಗೂ ಕೆಳಗೆ ಹೆಬ್ಬೆರಳವರೆಗೂ ಎಳೆದುಕೊಂಡಿರುವ ನಮ್ಮೂರಿನ ಹಿರಿಯರು ಅವರು. ಕುಮುದ್ವತಿಯ ನೀರಿನ ಮೇಲಿಂದ ಮಂಜು ಹೊಗೆಯ ಹಾಗೆ ಏಳುತ್ತಿರುತ್ತದೆ. ಆಸಾಮಿ ಅಲ್ಲಾಡುವುದಿಲ್ಲ.

ಈ ವಿದ್ಯೆಗೆ ಹೊಲಿದ ಲುಂಗಿಯೇ ಬೇಕು. ಬಿಚ್ಚು ಪಂಚೆಯಲ್ಲಿ ಸಾಧಿಸಲು ಹೋದರೆ ಪಕ್ಕದ ಸೀಳಿನಿಂದ ಗಾಳಿ ನುಗ್ಗುತ್ತದೆ. ಮಾನವೂ ಅದೇ ದಾರಿಯಲ್ಲಿ ಹೊರಟುಬಿಡುತ್ತದೆ. ಹೊಲಿದದ್ದಾದರೆ ಅದೊಂದು ಕೊಳವೆ. ಎರಡೂ ಬಾಯಿ ಮುಚ್ಚಿದರೆ ಒಳಗೆ ಮೈಯ ಬಿಸಿ, ಉಸಿರಿನ ಬಿಸಿ, ಎಲ್ಲ ಸೇರಿ ಸಣ್ಣದೊಂದು ಬಚ್ಚಲೊಲೆ.

ಮಲೆನಾಡಿನ ಸೆರಗಿನಲ್ಲಿರುವ ನಮ್ಮ ಕಡೆ ಗಂಡಸರ ಚಳಿಗಾಲದ ಉಡುಪು ಒಂದು ವಿಚಿತ್ರ. ಸೊಂಟದಿಂದ ಮೇಲೆ ಹಿಮಾಲಯ: ಬನಿಯನ್ನು, ಅಂಗಿ, ಸ್ವೆಟರು, ಮಫ್ಲರು, ಟೋಪಿ. ಸೊಂಟದಿಂದ ಕೆಳಗೆ ಮಂಗಳೂರಿನ ಬೇಸಿಗೆ: ತೆಳ್ಳನೆಯ ಹತ್ತಿ ಬಟ್ಟೆ, ಅದನ್ನೂ ಮಂಡಿಗೆ ಎತ್ತಿ ಕಟ್ಟಿದ್ದು. ಚಳಿ ಮೇಲಿನಿಂದಲೇ ಬರುತ್ತದೆ ಎಂದು ನಮಗೆ ಹೇಳಿಕೊಟ್ಟವರು ಯಾರೋ! ಒಂದು ಸಂಕ್ರಾಂತಿಯ ನಸುಕಿನಲ್ಲಿ ಹೊಸ ಪಂಚೆ ಉಟ್ಟು ಮೊಪೆಡ್ ಮೇಲೆ ಶಿಕಾರಿಪುರದ ಹುಚ್ಚರಾಯನ ದರ್ಶನಕ್ಕೆ ಹೊರಟವನು ನಾನು. ಅರ್ಧ ದಾರಿಗೇ ಪಂಚೆ ಗಾಳಿಪಟವಾಗಿ, ತೊಡೆಗಳು ನನ್ನವೋ ಅಲ್ಲವೋ ಎಂದು ಚಿವುಟಿ ನೋಡಿಕೊಳ್ಳಬೇಕಾಯಿತು. ಮನೆಗೆ ಬಂದು ಗೋಳು ಹೇಳಿಕೊಂಡರೆ ಅಜ್ಜ, ‘ಕಚ್ಚೆ ಹಾಕಿದ್ಯನಾ?’ ಅಂತ ಒಂದೇ ಮಾತು ಕೇಳಿದರು. ಕಚ್ಚೆ ಅನ್ನುವುದು ಬರೀ ಮರ್ಯಾದೆಗೆ ಅಂದುಕೊಂಡಿದ್ದೆ. ಅದು ಕೆಳಗಿನ ಬಾಗಿಲಿಗೆ ಹಾಕುವ ಅಗುಳಿ ಎಂದು ಅವತ್ತು ತಿಳಿಯಿತು.

ಈ ವಿಷಯದಲ್ಲಿ ನಮ್ಮ ದೂರದ ನೆಂಟರೆಂದರೆ ಸ್ಕಾಟ್‌ಲೆಂಡಿನವರು. ಅವರ ಕಿಲ್ಟಿಗೂ ಕಚ್ಚೆಯಿಲ್ಲ, ಮಂಡಿಯವರೆಗಷ್ಟೇ ಉದ್ದ, ಊರಲ್ಲಿ ನೋಡಿದರೆ ಹಿಮ. ಹಾಗಿದ್ದೂ ಬದುಕಿದ್ದಾರಲ್ಲ ಎಂದು ನೋಡಿದರೆ ಗುಟ್ಟು ಬಟ್ಟೆಯಲ್ಲಿದೆ. ಒಳ್ಳೆಯ ಕಿಲ್ಟಿಗೆ ಎಂಟು ಗಜ, ಅಂದರೆ ನಮ್ಮ ಲೆಕ್ಕದಲ್ಲಿ 16 ಮೊಳ ಉಣ್ಣೆ ಬಟ್ಟೆ. ನಾವು ಎಂಟು ಮೊಳದ ಧೋತರಕ್ಕೇ ಭಾರ ಎನ್ನುತ್ತೇವೆ. ಕಿಲ್ಟಿನ ಬಟ್ಟೆಯ ಬಹುಪಾಲನ್ನು ಹಿಂದುಗಡೆ ನೆರಿಗೆ ಹಿಡಿದು ಹೊಲಿಯುತ್ತಾರೆ. ನೆರಿಗೆ ನೆರಿಗೆಯ ನಡುವೆ ಗಾಳಿ ಸಿಕ್ಕಿಕೊಂಡು ಬೆಚ್ಚಗೆ ಕೂರುತ್ತದೆ. ಕೆಳಗೆ ಮೊಣಕಾಲವರೆಗೆ ದಪ್ಪ ಉಣ್ಣೆಯ ಕಾಲುಚೀಲ. ಚಳಿಗೆ ಉಳಿಯುವುದು ಮಂಡಿ ಮಾತ್ರ.

ಹಳೆಯ ಕಾಲದ ಕಿಲ್ಟು ಇನ್ನೂ ಸ್ವಾರಸ್ಯ. ಅದರ ನೆರಿಗೆಗೆ ಹೊಲಿಗೆ ಇರಲಿಲ್ಲ, ಅದು ಇಡೀ ಒಂದು ಕಂಬಳಿ. ಹಗಲು ಸೊಂಟಕ್ಕೆ ಸುತ್ತಿ ಉಳಿದದ್ದನ್ನು ಹೆಗಲಿಗೆ ಎಸೆದುಕೊಳ್ಳುವುದು, ಮಳೆ ಬಂದರೆ ತಲೆಗೆ, ರಾತ್ರಿ ಬಿಚ್ಚಿದರೆ ಹೊದಿಕೆ. ಇದನ್ನು ಓದುತ್ತಿದ್ದಾಗ ನನಗೆ ಕಂಬಳಿ ಕೊಪ್ಪೆ ಹಾಕಿ ಗದ್ದೆ ಬದುವಿನಲ್ಲಿ ನಿಂತ ನಮ್ಮೂರಿನವರೇ ಕಣ್ಣಿಗೆ ಬಂದರು. ಅದೇ ಕುರಿ, ಅದೇ ಉಣ್ಣೆ, ನಮ್ಮದಕ್ಕೆ ಹುಣಸೆ ಬೀಜದ ಗಂಜಿ ಹೆಚ್ಚಿಗೆ. ಅವರು ಕಂಬಳಿಯನ್ನು ಸೊಂಟಕ್ಕೆ ಸುತ್ತಿಕೊಂಡರು, ನಾವು ತಲೆಗೆ ಹಾಕಿಕೊಂಡೆವು. ಅವರ ಉಡುಗೆಯನ್ನು ಬ್ರಿಟಿಷ್ ಸರ್ಕಾರ 1746ರ ಕಾಯ್ದೆಯಲ್ಲಿ ನಿಷೇಧಿಸಿ, 1782ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ನಮ್ಮ ಕಂಬಳಿಯನ್ನು ಯಾರೂ ನಿಷೇಧಿಸಲಿಲ್ಲ. ಪ್ಲಾಸ್ಟಿಕ್ ಕೊಪ್ಪೆ ಬಂತು, ನಾವೇ ಅಟ್ಟಕ್ಕೆ ಹಾಕಿದೆವು.

ಕಿಲ್ಟಿನ ನಾಡಿನಲ್ಲಿ ಹುಟ್ಟಿದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಬನವಾಸಿಯಿಂದ ಪಕ್ಕದ ಸೊರಬದ ಚಂದ್ರಗುತ್ತಿ ಮೇಲೆ ಇಕ್ಕೇರಿಗೆ ಹಾದುಹೋದ. ಮಣ್ಣು, ಬೆಳೆ, ಅಡಕೆ, ಮೆಣಸು ಎಲ್ಲ ಬರೆದುಕೊಂಡ. ಆತ ಬಂದದ್ದು ಚಳಿ ಕಳೆದ ಮೇಲೆ. ಒಂದೆರಡು ತಿಂಗಳು ಮೊದಲೇ ಬಂದಿದ್ದರೆ ಬೆಂಕಿ ಕಾಯಿಸುತ್ತ ಈ ಸಂಗತಿಯನ್ನೂ ಮಾತಾಡಬಹುದಿತ್ತು. ಹಾಗೆ ನೋಡಿದರೆ ಉಡುಗೆಯ ಬಗ್ಗೆ ನಮ್ಮ ಶಿಕಾರಿಪುರ ತಾಲ್ಲೂಕಿನವರು ಬಾಯಿ ಬಿಡುವಂತೆಯೇ ಇಲ್ಲ. ಉಟ್ಟದ್ದನ್ನೇ ಬಿಟ್ಟು ಹೊರಟ ಅಕ್ಕಮಹಾದೇವಿಯ ಉಡುತಡಿ ಇರುವುದು ಇಲ್ಲೇ. ಅಂಥವಳ ಊರಿನ ಪಕ್ಕದಲ್ಲಿ ಕೂತು ಮೊಣಕಾಲಿಗೆ ಗಾಳಿ ಹೊಡೆಯಿತು ಅನ್ನುವುದಕ್ಕೆ ನಾಚಿಕೆಯಾಗುತ್ತದೆ. ಆದರೆ ಗಾಳಿ ಹೊಡೆಯುವುದೂ ನಿಜ.

ಉಣ್ಣೆಯಾದರೂ ಒದ್ದೆಯಾದರೆ ಕತೆ ಬೇರೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಕಿಲ್ಟಿನ ಅಂಚು ನೆನೆದು, ಹೆಪ್ಪುಗಟ್ಟಿ, ಸಿಪಾಯಿಗಳ ಮಂಡಿಯ ಹಿಂಭಾಗವನ್ನು ಗರಗಸದ ಹಾಗೆ ಕೊಯ್ಯುತ್ತಿತ್ತಂತೆ. ನಮ್ಮಲ್ಲಿ ಅಷ್ಟಿಲ್ಲ. ರಾತ್ರಿ ಕರೆಂಟಿಗೆ ಕಾದು ತೋಟಕ್ಕೆ ನೀರು ಬಿಟ್ಟು ಬರುವಾಗ ಲುಂಗಿಯ ಒದ್ದೆ ಅಂಚು ಮೀನಖಂಡಕ್ಕೆ ಪಟ್ ಪಟ್ ಬಡಿಯುತ್ತದಲ್ಲ, ಅಷ್ಟೇ. ಅದಕ್ಕೆ ಮದ್ದು ಅಡಕೆ ಬೇಯಿಸುವ ಒಲೆ. ಹಂಡೆಯಲ್ಲಿ ಚೊಗರು ಕೊತಕೊತ ಅನ್ನುವಾಗ ಬೆನ್ನು ಕೊಟ್ಟು ನಿಂತು ಲುಂಗಿಯ ಹಿಂದಂಚನ್ನು ನಾಲ್ಕು ಬೆರಳು ಎತ್ತಬೇಕು. ಬಿಸಿ ನೇರ ಒಳಗೆ ಹತ್ತುತ್ತದೆ. ಈ ಸುಖ ಪ್ಯಾಂಟಿನವರಿಗೆ ಏಳು ಜನ್ಮಕ್ಕೂ ಇಲ್ಲ. ಕಿಡಿ ಸಿಡಿದು ಆದ ತೂತುಗಳಿಲ್ಲದ ಲುಂಗಿ ಸುಗ್ಗಿ ಕಳೆದ ಮೇಲೆ ನಮ್ಮೂರಲ್ಲಿ ಹುಡುಕಿದರೂ ಸಿಗುವುದಿಲ್ಲ.

ಮೊನ್ನೆ ಏರಿ ಮೇಲಿನ ಆ ಚೀಲಕ್ಕೆ ಕಿಲ್ಟಿನ ಪುರಾಣವನ್ನೆಲ್ಲ ಹೇಳಿದೆ. 16 ಮೊಳ, ಉಣ್ಣೆ, ನೆರಿಗೆ, ಹಿಮ. ಬೀಡಿ ಮುಗಿಯುವವರೆಗೂ ಕೇಳಿದರು.

‘ಅವರು ಕುಕ್ಕರಗಾಲಲ್ಲಿ ಕೂತ್ಕಂತಾರಾ?’

‘ಇಲ್ಲ, ನಿಂತೇ ಇರ್ತಾರೆ. ಕೂತರೆ ಕುರ್ಚಿ ಮೇಲೆ.’

‘ಹಂಗಾರೆ ಉಟ್ಟು ಎಂಥ ಬಂತು,’ ಎಂದು ಟೋಪಿಯನ್ನೂ ಲುಂಗಿಯೊಳಗೆ ಎಳೆದುಕೊಂಡರು.