ನೀರು ಹಾಕಿದ್ರಾ?

ಸಾಗರ, ಮೇ 25, 2024

ನಿನ್ನೆ ಅಪ್ಪನ ಹನ್ನೊಂದನೇ ದಿನದ ಕಾರ್ಯ ಮುಗಿಯಿತು. ನೆಂಟರು ಹೊರಟ ಮೇಲೆ ಅಮ್ಮ ಅಟ್ಟದ ಮೇಲಿದ್ದ ಗೋಣಿಚೀಲ ಇಳಿಸಲು ಹೇಳಿದಳು. ಕರಣೆ, ರಸಮಟ್ಟ, ಮೂಲೆಮಟ್ಟ, ತೂಕದ ಗುಂಡು. ಕರಣೆಯ ಮರದ ಹಿಡಿ ಹೆಬ್ಬೆರಳು ಕೂರುವ ಕಡೆ ಸವೆದು ಗುಳಿಬಿದ್ದಿದೆ. ನನ್ನ ಬೆರಳಿಟ್ಟು ನೋಡಿದೆ, ಗುಳಿ ತುಂಬಲಿಲ್ಲ. ಅಲಗಿನ ಮೇಲೆ ಒಂದು ಚೂರೂ ಸಿಮೆಂಟು ಅಂಟಿಲ್ಲ. ಎಷ್ಟೇ ಕತ್ತಲಾಗಲಿ, ತೊಳೆಯದೆ ಅಪ್ಪ ಸೈಕಲ್ ಹತ್ತುತ್ತಿರಲಿಲ್ಲ.

ಮೇ 27

ಚಿಕ್ಕವಳಿದ್ದಾಗ, ಅಪ್ಪ ಭಾನುವಾರ ಪಾಯದ ಗುರುತು ಹಾಕುವಾಗ ದಾರದ ತುದಿ ಹಿಡಿಯುವುದು ನನ್ನ ಕೆಲಸವಾಗಿತ್ತು. ಒಂದು ಕಡೆ 3 ಅಡಿ, ಇನ್ನೊಂದು ಕಡೆ 4, ಓರೆಗೆ ಅಳೆದಾಗ ಸರಿಯಾಗಿ 5 ಬಂದರೆ ಮೂಲೆ ಕೂತಿತು. ಕೂದಲೆಳೆ ಹೆಚ್ಚಾದರೂ ಗೂಟ ಕಿತ್ತು ಮತ್ತೆ ಹೊಡೆಯುತ್ತಿದ್ದರು.

ಅಪ್ಪ ದೊಡ್ಡ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತ ಕಾಲಕ್ಕೆ ಸಿಮೆಂಟಿಗೆ ಪರ್ಮಿಟ್ ಬೇಕಿತ್ತು. ಜಂಬಿಟ್ಟಿಗೆ ಗೋಡೆ, ಮಣ್ಣಿನ ಗಾರೆ, ಮೇಲೆ ಮಂಗಳೂರು ಹಂಚು. 1982ರಲ್ಲಿ ಹತೋಟಿ ಸಡಿಲವಾಯಿತು, ಊರಲ್ಲಿ ಆರ್‌ಸಿಸಿ ಮನೆಗಳು ಎದ್ದವು. ಸಿಮೆಂಟನ್ನು ಅಕ್ಕಿಯಂತೆ ಅಳೆಯುವ ಅಪ್ಪನ ಕೈ ಮಾತ್ರ ಹಾಗೇ ಉಳಿಯಿತು.

ಮೇ 30

ಜಂಬಿಟ್ಟಿಗೆ ಕಡಿಯುವಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಕಾಂಕ್ರೀಟು ಹಾಗಲ್ಲ. “ಅದು ಒಣಗಿ ಗಟ್ಟಿಯಾಗೋದಲ್ಲ ಪುಟ್ಟಿ, ನೀರು ಕುಡಿದು ಗಟ್ಟಿಯಾಗೋದು” ಎನ್ನುತ್ತಿದ್ದರು. ಮೋಲ್ಡ್ ಹಾಕಿದ ಮರುದಿನ ತಾರಸಿಯ ಮೇಲೆ ಗಾರೆಯ ಸಣ್ಣ ಸಣ್ಣ ಬದು ಕಟ್ಟಿ, ಗದ್ದೆಯಂತೆ ನೀರು ನಿಲ್ಲಿಸುವುದು. 7 ದಿನ ಸಾಕು ಎಂದರೆ ಒಪ್ಪುತ್ತಿರಲಿಲ್ಲ. ಅವರ ಲೆಕ್ಕ 21. ಎಷ್ಟೋ ಬೆಳಿಗ್ಗೆ ನಾನೂ ತಮ್ಮನೂ ಕೊಡಪಾನ ಹೊತ್ತು, ಆಮೇಲೆ ಶಾಲೆಗೆ ಓಡಿದ್ದೇವೆ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಮಾಸ್ಕ್ ಸರಿಸಿ ತಮ್ಮನನ್ನು ಕೇಳಿದ್ದೂ ಅದನ್ನೇ. “ನೀರು ಹಾಕಿದ್ರಾ?” ಆಗಷ್ಟೇ ಮೋಲ್ಡ್ ಹಾಕಿದ್ದ ಮನೆಗೆ ಅಂದು ಒಂಬತ್ತನೇ ದಿನ. ಹಾಕಿದ್ದೇವೆ ಅಂದ. ಸುಳ್ಳು. ಆಸ್ಪತ್ರೆಯಿಂದ ಸೀದಾ ಹೋಗಿ ರಾತ್ರಿಯೇ ಹಾಕಿ ಬಂದ.

ಜೂನ್ 3

ಅಮ್ಮ ಇವತ್ತು ಒಂದು ಸಂಗತಿ ಹೇಳಿದಳು. ಒಬ್ಬ ಮನೆ ಮಾಲೀಕ ಕೊನೆಯ ಕಂತು ಕೊಡಲೇ ಇಲ್ಲವಂತೆ. ಆ ಶನಿವಾರದ ಬಟವಾಡೆಗೆ ಅಪ್ಪ ಅವಳ ಬಳೆ ಅಡವಿಟ್ಟರಂತೆ. ಆಳುಗಳಿಗೆಲ್ಲ ಕೊಟ್ಟು ಮನೆಗೆ ಬಂದಾಗ ಕೈಯಲ್ಲಿದ್ದದ್ದು ನಮಗೆ ತಂದ ಖಾರ ಮಂಡಕ್ಕಿ ಪೊಟ್ಟಣ ಮಾತ್ರ. ಆ ಪೊಟ್ಟಣ ನನಗೆ ನೆನಪಿದೆ. ಬಳೆಯ ಸುದ್ದಿ ಗೊತ್ತಿರಲಿಲ್ಲ. ಮರುವರ್ಷ ಅದೇ ಮನೆಯಿಂದ ಸೋರುತ್ತಿದೆ ಎಂದು ಹೇಳಿಕಳಿಸಿದಾಗ ಅಪ್ಪ ಹೋದರು. ಅಮ್ಮನಿಗೆ ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ನನಗೂ ಬಂತು. ಆದರೆ ಅಪ್ಪ ಹೋಗದೆ ಇದ್ದಿದ್ದರೆ ಆ ರಾತ್ರಿ ಮಲಗುತ್ತಿರಲಿಲ್ಲ, ಅದೂ ನಿಜ.

ಜೂನ್ 8

ನಿನ್ನೆ ರಾತ್ರಿ ಮಳೆ ಹಿಡಿಯಿತು. ಮೊದಲ ಜೋರು ಮಳೆಗೆ ಅಪ್ಪ ಟಾರ್ಚು, ಇದ್ದಿಲು ಹಿಡಿದು ಹೊರಡುತ್ತಿದ್ದರು. ಸೋರುವ ಜಾಗ ಮಳೆ ನಿಂತ ಮೇಲೆ ಕಣ್ಣಿಗೆ ಸಿಗುವುದಿಲ್ಲ, ಸೋರುವಾಗಲೇ ಗುರುತು ಹಾಕಬೇಕು.

ಬೆಳಿಗ್ಗೆ ಏಳಕ್ಕೆ ಅವರ ಫೋನು ಬಡಿದುಕೊಂಡಿತು. ವಯಸ್ಸಾದ ಹೆಂಗಸಿನ ದನಿ. “ಮೇಸ್ತ್ರಿ ಇದಾರಾ? ಅಡುಗೆಮನೆ ಮೂಲೇಲಿ ಹನಿ ಬೀಳ್ತಿದೆ.” ಅವರಿಗೆ ಸುದ್ದಿ ತಲುಪಿರಲಿಲ್ಲ. ನನಗೂ ತಕ್ಷಣ ಹೇಳಲು ಬಾಯಿ ಬರಲಿಲ್ಲ.

“ಇದ್ದಿಲಲ್ಲಿ ಒಂದು ಗುರುತು ಹಾಕಿಡಿ ಅಮ್ಮ,” ಅಂದೆ. “ತಮ್ಮ ಬರ್ತಾನೆ.”