ಬದುಕಿ ಉಳಿದ ಸಾಕ್ಷಿಗಳು

2015ರ ಏಪ್ರಿಲ್‌ನಲ್ಲಿ ಅಮೆರಿಕದ ಕಾರ್ಪಸ್ ಕ್ರಿಸ್ಟಿಯಲ್ಲಿರುವ ಟೆಕ್ಸಾಸ್ ಸ್ಟೇಟ್ ಅಕ್ವೇರಿಯಂನವರು ಮೀನುಗಳ ಮೈಗಂಟಿದ್ದ ಪರಾವಲಂಬಿಗಳನ್ನು ತೊಲಗಿಸಲು ದೊಡ್ಡದೊಂದು ತೊಟ್ಟಿಗೆ ಔಷಧಿ ಹಾಕಿದರು. ಟ್ರೈಕ್ಲೋರ್‌ಫಾನ್, ಈ ಕೆಲಸಕ್ಕೆ ಬಳಕೆಯಲ್ಲಿರುವ ಮದ್ದೇ. ಒಂದು ದಿನ ಕಳೆಯುವಷ್ಟರಲ್ಲಿ ಹತ್ತಿರ ಹತ್ತಿರ 400 ಜೀವಿಗಳು ಸತ್ತವು. ಪ್ರಯೋಗಾಲಯದ ವರದಿ ಬಂದಾಗ ಗೊತ್ತಾಯಿತು: ಡಬ್ಬದ ಮೇಲಿನ ಚೀಟಿಯಲ್ಲಿ ಮಾತ್ರ ಟ್ರೈಕ್ಲೋರ್‌ಫಾನ್, ಒಳಗಿದ್ದದ್ದು ಹೈಡ್ರೋಕ್ವಿನೋನ್. ಫೋಟೊ ತೊಳೆಯುವ ದ್ರಾವಣದಲ್ಲೂ ಮುಖದ ಕಲೆ ತಿಳಿಯಾಗಿಸುವ ಕ್ರೀಮಿನಲ್ಲೂ ಬಳಸುವ ರಾಸಾಯನಿಕ ಅದು.

ಹೀಗೆ ಡಬ್ಬಸಮೇತ ಸಿಕ್ಕಿಬೀಳುವ ಅಪರಾಧಿಗಳು ಕಡಿಮೆ. ಬೆಂಗಳೂರಿನಂಥ ಕಡಲಿಲ್ಲದ ಊರಿನಲ್ಲಿ ಪ್ಯಾಕೆಟ್ ಉಪ್ಪನ್ನು ಆರ್‌ಓ ನೀರಿಗೆ ಕಲಸಿ ಮನೆಯಲ್ಲೇ ಕಡಲು ತಯಾರಿಸಿಕೊಂಡ ಹವ್ಯಾಸಿ ಬೆಳಿಗ್ಗೆ ಲೈಟ್ ಹಾಕುತ್ತಾನೆ. ಎರಡು ಮೀನು ಅಡ್ಡಬಿದ್ದಿವೆ. ಕೈ ಮೊದಲು ಹೋಗುವುದು ಅಮೋನಿಯಾ ಟೆಸ್ಟ್ ಕಿಟ್‌ಗೆ. ನಾಲ್ಕು ಹನಿ ಬಿಟ್ಟರೆ ಟ್ಯೂಬಿನ ನೀರು ಹಳದಿಯಿಂದ ಹಸಿರಿಗೆ ತಿರುಗುತ್ತದೆ. ನೀರಿನಲ್ಲಿ ಅಮೋನಿಯಾ ಇದೆ, ಅಪರಾಧಿ ಸಿಕ್ಕಿಬಿದ್ದ ಅನ್ನುತ್ತಾನೆ. ಆದರೆ ಬಂಡೆಯ ಸಂದಿಯಲ್ಲಿ ರಾತ್ರಿಯಿಡೀ ಕೊಳೆತ ಹೆಣದಿಂದಲೂ ಅಮೋನಿಯಾ ಬರುತ್ತದೆ. ಸಾವಿನಿಂದ ಬಂದದ್ದೇ ಸಾವಿಗೆ ಕಾರಣವೆಂದು ಕೇಸು ಮುಗಿಸಿದರೆ ಉಳಿದ ಮೀನುಗಳ ಗತಿ ಏನು? ಇನ್ನು ಹೆಣದ ಮೇಲೆ ಕೂತು ತಿನ್ನುವ ಏಡಿಯೇನಾದರೂ ಕಣ್ಣಿಗೆ ಬಿದ್ದರೆ ಕೊಲೆಯ ಆರೋಪ ಅದರ ತಲೆಗೇ.

ತೊಟ್ಟಿಯನ್ನು ಕೇಳಬೇಕಾದ ಮೊದಲ ಪ್ರಶ್ನೆ ಬೇರೆ. ಯಾರು ಸತ್ತರು ಅನ್ನುವುದಕ್ಕಿಂತ ಯಾರು ಉಳಿದರು ಅನ್ನುವುದು.

ಮೀನುಗಳು ಆರಾಮಾಗಿ ಈಜುತ್ತಿದ್ದು ಸಿಗಡಿ, ಬಸವನಹುಳುಗಳಷ್ಟೇ ಸತ್ತಿದ್ದರೆ ಮೊದಲ ಅನುಮಾನ ತಾಮ್ರದ ಮೇಲೆ. ಮೀನಿನ ರೋಗಕ್ಕೆ ಮದ್ದಾಗುವಷ್ಟು ತಾಮ್ರ, ಬೆನ್ನುಮೂಳೆ ಇಲ್ಲದ ಜೀವಿಗಳಿಗೆ ವಿಷ. ಹಿಂದೆಂದೋ ಹಾಕಿದ ಮದ್ದು ಮರಳು, ಕಲ್ಲಿನೊಳಗೆ ಸೇರಿಕೊಂಡು ತಿಂಗಳುಗಟ್ಟಲೆ ಕೂತಿರಬಹುದು. ಕಿಲುಬು ಹಿಡಿದ ಹಿತ್ತಾಳೆ ಫಿಟಿಂಗ್‌ನಿಂದಲೂ ಬರಬಹುದು. ಎರಡನೆಯ ಅನುಮಾನ ಸೊಳ್ಳೆ ಸ್ಪ್ರೇ ಮೇಲೆ. ಅದರಲ್ಲಿರುವ ಪೈರೆಥ್ರಾಯ್ಡ್ ಕೀಟನಾಶಕಕ್ಕೆ ಜಿರಳೆ ಬೇರೆಯಲ್ಲ, ಸಿಗಡಿ ಬೇರೆಯಲ್ಲ. ತೊಟ್ಟಿಗೆ ಯಾರೂ ಏನೂ ಹಾಕಿಲ್ಲ ಎಂದು ಮನೆಮಂದಿಯೆಲ್ಲ ಹೇಳುವುದು ನಿಜವೇ. ಆದರೆ ಕೋಣೆಯ ಗಾಳಿಯನ್ನು ಎಳೆದು ನೀರಿಗೆ ಗುಳುಗುಳು ಬಿಡುವ ಏರ್‌ಪಂಪ್ ಒಂದಿದೆಯಲ್ಲ!

ಆದರೆ ಸಿಗಡಿ ನಿಜಕ್ಕೂ ಸತ್ತಿದೆಯೇ ಅನ್ನುವುದನ್ನೂ ನೋಡಬೇಕು. ಕೆಂಪು ಬೆನ್ನಿನ ಮೇಲೆ ಬಿಳಿ ಗೀಟಿನ ಕ್ಲೀನರ್ ಸಿಗಡಿ, ಉದ್ದ ಮೀಸೆ ಸಮೇತ ಮರಳಿನ ಮೇಲೆ ಬಿದ್ದಿರುತ್ತದೆ. ಬಲೆಯಲ್ಲಿ ಎತ್ತಿದರೆ ತೂಕವೇ ಇಲ್ಲ. ತಲೆಕವಚ ಮತ್ತು ಹೊಟ್ಟೆ ಕೂಡುವ ಕಡೆ ಬಿರಿದಿದೆ, ಒಳಗೆ ಖಾಲಿ. ಅದು ಕಳಚಿಟ್ಟ ಪೊರೆ. ಸಿಗಡಿ ತನ್ನ ಹೊಸ ಮೆತ್ತನೆ ಮೈ ಗಟ್ಟಿಯಾಗಲೆಂದು ಬಂಡೆಯ ಹಿಂದೆ ಅಡಗಿದೆ. ಎಷ್ಟೋ ಹವ್ಯಾಸಿಗಳು ಹೀಗೆ ಪೊರೆಗೆ ಶೋಕಾಚರಣೆ ಮಾಡಿದ್ದಾರೆ.

ಇದಕ್ಕೆ ತಿರುವುಮುರುವಾಗಿ, ಹವಳ, ಸಿಗಡಿ ಚೆನ್ನಾಗಿದ್ದು ಮೀನುಗಳು ಮಾತ್ರ ಒಂದೆರಡು ದಿನದಲ್ಲಿ ಸಾಲಾಗಿ ಸತ್ತರೆ ಅಮೈಲೋಡಿನಿಯಂ ಎಂಬ ಸೂಕ್ಷ್ಮ ಪರಾವಲಂಬಿಯನ್ನು ಶಂಕಿಸಬೇಕು. ಅದು ಮೊದಲು ಕಿವಿರಿಗೆ ಅಂಟಿಕೊಳ್ಳುತ್ತದೆ. ಮೈಮೇಲೆ ಧೂಳಿನಂಥ ಚುಕ್ಕೆ ಕಾಣುವ ಹೊತ್ತಿಗೆ ಮೀನು ಏದುಸಿರು ಬಿಡುತ್ತಿರುತ್ತದೆ.

ದೊಡ್ಡ ಮೀನು ಮೊದಲು ಹೋಗಿ, ಅದೂ ಬೆಳಗಿನ ಜಾವದಲ್ಲಿ ಹೋಗಿದ್ದರೆ? ಆಮ್ಲಜನಕ. 25 ಡಿಗ್ರಿಯಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ ಕಡಲನೀರು 7 ಮಿಲಿಗ್ರಾಂ ಕೂಡ ಹಿಡಿಯದು. ರಾತ್ರಿ ಪಾಚಿಯೂ ಆಮ್ಲಜನಕ ಕೊಡುವುದಿಲ್ಲ, ತಾನೇ ಉಸಿರಾಡುತ್ತದೆ. ಅದೇ ಹೊತ್ತಿಗೆ ಕರೆಂಟ್ ಹೋಗಿ ಪಂಪ್ ನಿಂತರೆ ಮುಗಿಯಿತು. ಹಗಲಿನ ಹೊತ್ತಿಗೆ ಕರೆಂಟ್ ಬಂದು ಎಲ್ಲವೂ ಸರಿಯಾಗಿರುವುದರಿಂದ ಸುಳಿವೂ ಸಿಗುವುದಿಲ್ಲ. ಪಾಪ, ಇದು ಬರೀ ಹವ್ಯಾಸಿಗಳ ಪಾಡಲ್ಲ. 2015ರ ಜುಲೈನಲ್ಲಿ ಶಿಕಾಗೊ ಬಳಿಯ ಬ್ರೂಕ್‌ಫೀಲ್ಡ್ ಮೃಗಾಲಯದಲ್ಲಿ ಆಮ್ಲಜನಕ ಕುಸಿದು 54 ತೊರಕೆ ಮೀನುಗಳು ಸತ್ತವು.

ಪತ್ತೆಯಾಗದ ಪ್ರಕರಣಗಳೂ ಇವೆ. ಟೋಕಿಯೊ ಸೀ ಲೈಫ್ ಪಾರ್ಕ್‌ನ 2,200 ಟನ್ ನೀರಿನ ಉಂಗುರಾಕಾರದ ತೊಟ್ಟಿಯಲ್ಲಿ 2014ರ ನವೆಂಬರ್‌ನಲ್ಲಿ ಬ್ಲೂಫಿನ್ ಟ್ಯೂನಾ ಮತ್ತು ಅದರ ಬಂಧುಗಳು ಸೇರಿ ಸುಮಾರು 160 ಮೀನುಗಳಿದ್ದವು. ಮಾರ್ಚ್ ಮುಗಿಯುವಷ್ಟರಲ್ಲಿ ಉಳಿದದ್ದು ಒಂದೇ ಒಂದು ಟ್ಯೂನಾ. ಸತ್ತ ಕೆಲವು ಮೀನುಗಳಲ್ಲಿ ವೈರಸ್ ಸಿಕ್ಕಿತು, ಆದರೆ ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟಲಾಗಲಿಲ್ಲ. ಬೆಳಕು, ಸದ್ದು, ನೀರು ಎಲ್ಲವನ್ನೂ ಜಾಲಾಡಿದರೂ ಇಂಥದ್ದೇ ಕಾರಣ ಎಂದು ಬೊಟ್ಟು ಮಾಡಲಾಗಲಿಲ್ಲ. ಜೂನ್‌ನಲ್ಲಿ ಹೊಸ ಟ್ಯೂನಾಗಳನ್ನು ತಂದು ಬಿಟ್ಟರು.

ಮನೆಯ ತೊಟ್ಟಿಯಲ್ಲಿ ಸಾವು ಕಂಡ ಕೂಡಲೇ ಅರ್ಧ ನೀರು ಬದಲಿಸುವುದು ವಾಡಿಕೆ. ಬದುಕಿರುವ ಮೀನುಗಳಿಗೆ ಅದು ಒಳ್ಳೆಯದೇ, ಆದರೆ ಸಾಕ್ಷ್ಯವೂ ಅದರೊಂದಿಗೆ ಮೋರಿಗೆ ಹೋಗುತ್ತದೆ. ಅದಕ್ಕೂ ಮೊದಲು ಒಂದು ಬಾಟಲಿ ನೀರು ಎತ್ತಿಡಬೇಕು. ಹೆಣವನ್ನು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಬೇಕು. ಫ್ರೀಜರ್ ಬೇಡ, ಹೆಪ್ಪುಗಟ್ಟಿದರೆ ಅಂಗಾಂಶ ಹಾಳಾಗಿ ಸೂಕ್ಷ್ಮದರ್ಶಕಕ್ಕೆ ಏನೂ ಉಳಿಯುವುದಿಲ್ಲ. ಮೊಸರಿನ ಪಾತ್ರೆಯ ಪಕ್ಕ ಆ ಡಬ್ಬಿ ಇಡಲು ಮನೆಯಲ್ಲಿ ಯಾರನ್ನು ಹೇಗೆ ಒಪ್ಪಿಸುವುದು ಅನ್ನುವುದು ಮಾತ್ರ ಯಾವ ಟೆಸ್ಟ್ ಕಿಟ್‌ನ ಕೈಪಿಡಿಯಲ್ಲೂ ಇಲ್ಲ.