ಪರದೇಶಯಾತ್ರೆಯ ಸನ್ನಾಹ

ಕುಮುದ್ವತೀ ನದಿಯ ತೀರದಲ್ಲಿರುವ ರಟ್ಟೀಹಳ್ಳಿಯು ಕದಂಬೇಶ್ವರನ ಪುರಾತನ ದೇವಾಲಯದಿಂದ ಪ್ರಸಿದ್ಧವಾದ ಊರು. ಬಹುಕಾಲ ಹಿರೇಕೆರೂರು ತಾಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲೂಕಿನ ಮುಖ್ಯಸ್ಥಾನವಾಗಿದೆ. ಇಲ್ಲಿಯ ಒಂದು ಒಕ್ಕಲು ಮನೆತನಕ್ಕೆ ಈಚಿನ ಒಂದು ವರ್ಷ, ಸಂಕ್ರಾಂತಿಯ ಎಳ್ಳು ಹಂಚಿ ಮುಗಿಯುವಷ್ಟರಲ್ಲಿ, ಇಂಗ್ಲೆಂಡಿನಿಂದ ಒಂದು ಪತ್ರ ಬಂದಿತು. ಆ ಮನೆಯ ಮಗಳಿಗೆ ಬೇಸಿಗೆಯ ಎಂಟು ವಾರಗಳ ಫೆಲೋಶಿಪ್ಪು ದೊರೆತಿತ್ತು. ಹೇಳಿಕೊಳ್ಳಲು ಬಾಯಿಲ್ಲದವರ ಪಕ್ಷವನ್ನು ಪತ್ರಿಕೆ, ಚಿತ್ರ, ಬಾನುಲಿಗಳ ಮೂಲಕ ಲೋಕದ ಮುಂದೆ ಮಂಡಿಸುವುದು ಹೇಗೆಂಬ ವಿದ್ಯೆಯನ್ನು ಅಲ್ಲಿ ಕಲಿಸುವರು. ವಸತಿಯೂ ವೇತನವೂ ಅವರದು. ಮಿಕ್ಕ ಸನ್ನಾಹವೆಲ್ಲ ಇವರದು.

ಇಂಥ ವಿದ್ಯೆಯ ಪ್ರಯೋಜನವೇನೆಂದು ವಾಚಕರು ಕೇಳಬಹುದು. ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. 2010ರ ಜುಲೈ ತಿಂಗಳಲ್ಲಿ ನಮ್ಮ ಜಿಲ್ಲೆಯ ಸವಣೂರಿನಲ್ಲಿ, ತಲೆಮಾರುಗಳಿಂದ ಮಲ ಹೊರುತ್ತ ಬಂದ ಕುಟುಂಬಗಳವರು ತಮ್ಮನ್ನು ಮನೆಯಿಂದ ಎಬ್ಬಿಸುವುದನ್ನು ಪ್ರತಿಭಟಿಸಿ, ಆ ಮಲವನ್ನೇ ಹಾಡೇ ಹಗಲು ಮೈಮೇಲೆ ಸುರಿದುಕೊಂಡರು. ಅಂದಿನವರೆಗೆ ಅವರ ಅಳಲನ್ನು ಕೇಳದೆ ಇದ್ದ ನಾಡು, ವರ್ತಮಾನಪತ್ರಗಳಲ್ಲಿ ಆ ಚಿತ್ರಗಳನ್ನು ಕಂಡು ಬೆಚ್ಚಿತು. ಮಲ ಹೊರುವ ಕೆಲಸವನ್ನು ನಿಷೇಧಿಸಿ ಅವರಿಗೆ ಪುನರ್ವಸತಿಯನ್ನು ವಿಧಿಸುವ ಕೇಂದ್ರದ ಹೊಸ ಕಾನೂನು 2013ರಲ್ಲಿ ಬಂದಿತು. ಮನುಷ್ಯನು ತನ್ನ ಮಾನವನ್ನು ತಾನೇ ಬೀದಿಗೆ ಸುರಿದ ಹೊರತು ಅವನ ಮಾತು ಊರ ಕಿವಿಗೆ ಬೀಳಲಾರದೆಂಬ ದುರವಸ್ಥೆಯೇ ಈ ವಿದ್ಯೆಗೆ ಕಾರಣವೆಂದು ತಿಳಿಯಬೇಕು.

ಸಮುದ್ರಯಾನದ ವಿಚಾರದಲ್ಲಿ ನಮ್ಮ ಹಿಂದಿನವರು ಏಕಮತದವರಾಗಿರಲಿಲ್ಲ. ಬೌಧಾಯನ ಧರ್ಮಸೂತ್ರವು ಅದನ್ನು ಒಂದೆಡೆ ಉತ್ತರದವರ ಆಚಾರಗಳಲ್ಲಿ ಎಣಿಸಿ, ಇನ್ನೊಂದೆಡೆ ಪತನೀಯ ಕರ್ಮಗಳ ಪಟ್ಟಿಯ ಮೊದಲಲ್ಲೇ ಇಟ್ಟು ಮೂರು ವರ್ಷಗಳ ಪ್ರಾಯಶ್ಚಿತ್ತವನ್ನು ವಿಧಿಸುತ್ತದೆ. 1888ರಲ್ಲಿ ಗಾಂಧಿಯವರು ವಿಲಾಯತಿಗೆ ಹೊರಟಾಗ ಮುಂಬಯಿಯ ಅವರ ಜಾತಿಯ ಪಂಚರು ಅವರಿಗೆ ಬಹಿಷ್ಕಾರ ಹಾಕಿ, ಬೀಳ್ಕೊಡಲು ಹೋದವರಿಗೆ ಒಂದೂಕಾಲು ರೂಪಾಯಿ ದಂಡವನ್ನು ಗೊತ್ತುಮಾಡಿದರು. ಸವಣೂರಿನಲ್ಲಿಯೇ 1909ರಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋಗುವ ಹೊತ್ತಿಗೆ ಆ ದಂಡದ ಭಯ ಕರಗಿತ್ತು. ಆ ಕಡಲು ಕನ್ನಡಕ್ಕೆ ‘ಸಮುದ್ರಗೀತೆಗಳು’ ಎಂಬ ಕೃತಿಯನ್ನೇ ಕೊಟ್ಟಿತು. ಹಿಂದೆ ಪ್ರಾಯಶ್ಚಿತ್ತವು ಯಾತ್ರೆಯ ತರುವಾಯ ಬರುತ್ತಿತ್ತು. ಈಗ ಅದು ಯಾತ್ರೆಯ ಪೂರ್ವದಲ್ಲಿಯೇ, ಕಾಗದಪತ್ರಗಳ ರೂಪದಲ್ಲಿ, ನಡೆದುಹೋಗುತ್ತದೆ.

ಮೊದಲನೆಯ ತೊಡಕು ಹೆಸರಿನದು. ಹುಡುಗಿಯ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ತಂದೆಯ ಹೆಸರಿಗೆ ಬದಲು ಒಂದೇ ಒಂದು ಅಕ್ಷರವಿತ್ತು. ಆಧಾರ್ ಚೀಟಿಯಲ್ಲಿ ಮನೆತನದ ಅಡ್ಡಹೆಸರು ಬೇರೊಂದು ಬಗೆಯಾಗಿ ಬರೆಯಲ್ಪಟ್ಟಿತ್ತು. ನಮ್ಮ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಪದರಗಳು; ಪಾಸ್‌ಪೋರ್ಟಿನಲ್ಲಿಯೋ ಎರಡೇ ಅಂಕಣಗಳು. ಊರಿನಲ್ಲಿ ಹತ್ತು ಬಗೆಯಾಗಿ ಕರೆದರೂ ಒಬ್ಬಳೇ ಆಗಿದ್ದವಳು ಕಾಗದದಲ್ಲಿ ಇಬ್ಬರಾಗಿದ್ದಳು. ಮೊದಲು ಆಧಾರನ್ನು ತಿದ್ದಿಸಿ, ಬಳಿಕ 1500 ರೂಪಾಯಿ ಶುಲ್ಕ ಕಟ್ಟಿ, ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ ಬಂದದ್ದಾಯಿತು. ಪೋಲೀಸರು ವಿಚಾರಣೆಗೆ ಬಂದ ದಿನ ನೆರೆಮನೆಯವರು ಗಾಬರಿಯಿಂದ ಹೊರಗೆ ಬಂದು ನಿಂತರು. ಕಾರಣ ತಿಳಿದ ಮೇಲೆ ಅವರೇ ಸಾಕ್ಷಿ ಹೇಳಿ ಚಹ ಕುಡಿದು ಹೋದರು.

ಎರಡನೆಯ ತೊಡಕು ಹಣದ್ದು. ಇಂಥ ತಾತ್ಕಾಲಿಕ ಕೆಲಸದ ವೀಸಾ ಬೇಡುವವರು, ಕರೆದ ಸಂಸ್ಥೆಯು ತಾನೇ ಹೊಣೆಯೆಂದು ದೃಢೀಕರಿಸದಿದ್ದರೆ, ತಮ್ಮ ಖಾತೆಯಲ್ಲಿ 1270 ಪೌಂಡುಗಳನ್ನು, ಎಂದರೆ ಸುಮಾರು ಒಂದೂವರೆ ಲಕ್ಷ ರೂಪಾಯಿಗಳನ್ನು, ಎಡೆಬಿಡದೆ 28 ದಿನ ಇಟ್ಟು ತೋರಿಸಬೇಕು. ಒಂದು ದಿನ ಕಡಿಮೆಯಾದರೂ ಎಣಿಕೆ ಮೊದಲಿನಿಂದ. ಅರ್ಜಿಯನ್ನು ಕೆಲಸದ ಆರಂಭಕ್ಕೆ ಮೂರು ತಿಂಗಳಿಗಿಂತ ಮುಂಚೆ ಕೊಡಲಾಗದು. ಜುಲೈ ಮೊದಲಿಗೆ ಹೊರಡಬೇಕಾದವಳ ಹಣವು ಹೀಗೆ ಏಪ್ರಿಲ್‌ನಿಂದ ಮೇ ತಿಂಗಳವರೆಗೆ, ಒಕ್ಕಲಿಗನು ಬೀಜಗೊಬ್ಬರಕ್ಕಾಗಿ ಕಾಸಿಗೆ ಕಾಸು ಕೂಡಿಸುವ ಕಾಲದಲ್ಲಿಯೇ, ಬ್ಯಾಂಕಿನಲ್ಲಿ ಕಟ್ಟುಬಿದ್ದಿರಬೇಕಾಯಿತು. ಆ ಹಣ ಬಂದದ್ದಾದರೂ ಎಲ್ಲಿಂದ? ಹಿಂದಿನ ಸುಗ್ಗಿಯ ಹತ್ತಿಬೀಜದಿಂದ.

ಇಲ್ಲಿಯೇ ಈ ಸನ್ನಾಹದ ಮುಖ್ಯ ಗಂಟು. 1972ರಲ್ಲಿ ಧಾರವಾಡದ ವಿಜ್ಞಾನಿ ಕಟರಕಿಯವರು ‘ವರಲಕ್ಷ್ಮಿ’ ಎಂಬ ಸಂಕರ ಹತ್ತಿಯನ್ನು ಹೊರತಂದಂದಿನಿಂದ ನಮ್ಮ ಸೀಮೆಯಲ್ಲಿ ಸಂಕರಬೀಜದ ಬೆಳೆ ಬೇರೂರಿತು. ಈ ಬೀಜವು ತಾನಾಗಿ ಕಟ್ಟುವುದಿಲ್ಲ. ನಾಳೆ ಅರಳಲಿರುವ ಮೊಗ್ಗನ್ನು ಇಂದು ಸಂಜೆ ಗುರುತಿಸಿ, ಅದರ ಕೇಸರಗಳನ್ನು ಉಗುರಿನಿಂದ ಕಿತ್ತು, ಮರುದಿನ ಬೆಳಗ್ಗೆ ಇನ್ನೊಂದು ಜಾತಿಯ ಹೂವಿನ ಪರಾಗವನ್ನು ಒಂದೊಂದಕ್ಕೂ ಕೈಯಿಂದ ಮುಟ್ಟಿಸಬೇಕು. ತಿಂಗಳುಗಟ್ಟಲೆ ಬಗ್ಗಿ ನಿಂತು ಮಾಡುವ ಈ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳದು. ಅವರ ಕೂಲಿ, ಅವರ ಬೆನ್ನು, ಔಷಧಿ ಹೊಡೆದ ಹೊಲದಲ್ಲಿ ಅವರ ಕೈಗಳು – ಇವೇ ಹುಡುಗಿ ಆರಿಸಿಕೊಂಡ ವಿಷಯ. ಹಿಂದಿನ ಶರತ್ಕಾಲದಲ್ಲಿ ತೆಗೆದ ಚಿತ್ರಗಳನ್ನು ಅರ್ಜಿಯೊಡನೆ ಕಳಿಸಿಯೇ ಅವಳು ಆಯ್ಕೆಯಾಗಿದ್ದಳು. ಆ ಹೊಲಗಳಲ್ಲಿ ಒಂದು ಅವಳ ತಂದೆಯದೇ ಆಗಿತ್ತು. ಇದನ್ನು ಮನೆಯಲ್ಲಿ ಹೇಳಿರಲಿಲ್ಲ.

ಯುಗಾದಿಯ ಮುಂದಿನ ವಾರ ಒಂದು ರಾತ್ರಿ ಊಟವಾದ ಮೇಲೆ ಅಜ್ಜ ಆ ಚಿತ್ರಗಳನ್ನು ನೋಡಬೇಕೆಂದ. ಒಂದೊಂದಾಗಿ ನೋಡಿ, ಕನ್ನಡಕ ತೆಗೆದಿಟ್ಟು,

“ಇವರನ್ನ ಕೇಳೀ ಏನವ್ವಾ?” ಎಂದ.

“ಚಿತ್ರಾ ತೆಗೀಬೇಕಾದ್ರ ಕೇಳೀನಜ್ಜಾ.”

“ತೆಗೀಲಿಕ್ಕೆ ಕೇಳಿದ್ದು ಬ್ಯಾರೆ. ಸಮುದ್ರದಾಚೆ ಒಯ್ದು ತೋರಸಲಿಕ್ಕೆ?”

ಹುಡುಗಿ ಸುಮ್ಮನಾದಳು. ಪಡಸಾಲೆಯ ಕಂಬಕ್ಕೆ ಒರಗಿದ್ದ ತಂದೆ ಕೇಳಿದ: “ನಮ್ಮ ಹೊಲಾನೂ ಅದರಾಗ ಐತೇನು?”

“ಐತಿ, ಅಪ್ಪಾ.”

ಅವನು ಎದ್ದು ಹೊರಗೆ ಹೋದ. ಆ ರಾತ್ರಿ ಮನೆಯಲ್ಲಿ ಮತ್ತೆ ಮಾತು ಹುಟ್ಟಲಿಲ್ಲ. ಬ್ಯಾಂಕಿನಲ್ಲಿ ಹಣವಿಡಬೇಕಾದ ಗಡುವಿಗೆ ನಾಲ್ಕೇ ದಿನಗಳಿದ್ದವು.

ಮರುದಿನ ಹುಡುಗಿ ಆ ಹೆಣ್ಣುಮಕ್ಕಳ ಮನೆಮನೆಗೆ ಹೋದಳು. ಕೆಲವರು ನಕ್ಕರು, ಕೆಲವರು ತಮ್ಮ ಚಿತ್ರವನ್ನು ಸೆರಗಿನಿಂದ ಒರೆಸಿ ನೋಡಿದರು. ಒಬ್ಬಳು ಮಾತ್ರ ಕೇಳಿದಳು: “ಅಲ್ಲಿ ಹೇಳಿದ್ರ ಇಲ್ಲಿ ಕೂಲಿ ಹೆಚ್ಚಾಗತೈತೇನು ತಂಗೀ?” ಹುಡುಗಿ, ಗೊತ್ತಿಲ್ಲವೆಂದು ಇದ್ದುದನ್ನೇ ಹೇಳಿದಳು. ಆ ಹೆಂಗಸು ಸ್ವಲ್ಪ ಹೊತ್ತು ಯೋಚಿಸಿ, “ಹಂಗಾದ್ರ ನಮ್ಮ ಮಾರಿ ಬ್ಯಾಡ. ನಾಳೆ ಮತ್ತ ಅದೇ ಹೊಲಕ್ಕ ಹೋಗಾಕಿ ನಾನು. ಕೈ ತೋರಸು, ಕೈ ಎಲ್ಲಾರವೂ ಒಂದ ಅದಾವ” ಎಂದಳು. ಮುಖಗಳಿದ್ದ ಚಿತ್ರಗಳೇ ಎಲ್ಲಕ್ಕಿಂತ ಚೆನ್ನಾಗಿದ್ದವು. ಅವನ್ನೆಲ್ಲ ಹುಡುಗಿ ತೆಗೆದುಹಾಕಿದಳು. ಅರ್ಜಿಯೊಡನೆ ಹೋದವನ್ನು ಯಾರಿಗೂ ತೋರಿಸಬಾರದೆಂದು ಇಂಗ್ಲೆಂಡಿಗೆ ಪತ್ರ ಬರೆದಳು. ಉಳಿದದ್ದು ಕೈಗಳ ಹನ್ನೊಂದು ಚಿತ್ರಗಳು. ಅವಕಾಶವೇ ತಪ್ಪಿಹೋದೀತೆಂಬ ಭಯ ಅವಳಿಗಿತ್ತು, ತಪ್ಪಲಿಲ್ಲ.

ಮೂರನೆಯ ದಿನ ತಂದೆ ತಾನಾಗಿಯೇ ಬ್ಯಾಂಕಿಗೆ ಹೊರಟ. ಹೋಗುವಾಗ ಮಗಳಿಗೆ ಹೇಳಿದ್ದು ಇಷ್ಟೇ: “ಕೂಲಿ ನಾ ಕಡಿಮಿ ಕೊಡತೀನಿ ಅಂತ ಬರೀ, ಖರೇನ ಐತಿ. ಆದರ ನನ್ನ ಬೀಜಕ್ಕ ಬೆಲೆ ಯಾರು ಕಟ್ಟತಾರ, ರೊಕ್ಕಾ ಎಷ್ಟು ತಿಂಗಳಿಗೆ ಕೊಡತಾರ, ಅದನ್ನೂ ಬರೀ.” ಅವನ ಮಾತಿನಲ್ಲಿ ಸತ್ಯವಿತ್ತು. ಬೀಜದ ಬೆಲೆಯನ್ನು ಕಟ್ಟುವವರು ಕಂಪನಿಯವರು. ಬೀಜವನ್ನು ಬಿತ್ತಿ ಬೆಳೆಸಿ ಅದರ ಶುದ್ಧಿಯನ್ನು ಪರೀಕ್ಷಿಸುವ ತನಕ ಬೆಳೆದವನ ಕೈಗೆ ಪೂರ್ತಿ ಹಣ ಬಾರದು. ಪರೀಕ್ಷೆಯಲ್ಲಿ ಸೋತರೆ ಅದೂ ಇಲ್ಲ. ಹೊಲದ ಬದುವಿನಲ್ಲಿಯೇ ಮುಗಿಯುವ ಕಥೆಯೆಂದು ಹುಡುಗಿ ಬಗೆದಿದ್ದುದು ಅಂದಿನಿಂದ ಬದುವನ್ನು ದಾಟಿತು. ಪರದೇಶದ ಗುರುಗಳು ಕಲಿಸಬೇಕಾಗಿದ್ದ ಮೊದಲ ಎರಡು ಪಾಠಗಳು ಹೀಗೆ ರಟ್ಟೀಹಳ್ಳಿಯಲ್ಲಿಯೇ ಆಗಿಹೋದವು.

ಮುಂದಿನದೆಲ್ಲ ಸಾಮಗ್ರಿಯ ವಿಚಾರ. ಬೆರಳಿನ ಗುರುತು ಕೊಡಲು ಬೆಂಗಳೂರಿಗೆ ಒಂದು ಪ್ರಯಾಣ. ವೀಸಾ ಕೈಸೇರಲು ಮೂರು ವಾರ. ಆರು ತಿಂಗಳಿಗೆ ಮೀರದ ವಾಸಕ್ಕೆ ಅಲ್ಲಿಯ ಆರೋಗ್ಯಶುಲ್ಕವಿಲ್ಲ. ಆದ್ದರಿಂದಲೇ ಇಲ್ಲಿಂದ ಪ್ರವಾಸವಿಮೆ ಅತ್ಯವಶ್ಯ. ಅವ್ವ ಖಡಕ್ ರೊಟ್ಟಿ ತಟ್ಟಿ ಒಣಗಿಸಿ, ಶೇಂಗಾ, ಗುರೆಳ್ಳು, ಅಗಸಿಯ ಹಿಂಡಿಗಳನ್ನು ಕುಟ್ಟಿ ಕಟ್ಟಿದಳು. ತುಪ್ಪದ ಡಬ್ಬಿಯನ್ನೂ ಧಾರವಾಡದ ಪೇಢೆಯನ್ನೂ ಮಾತ್ರ ಹಿಂದಕ್ಕೆ ತೆಗೆಯಬೇಕಾಯಿತು. ನಮ್ಮ ದೇಶದಿಂದ ಹಾಲಿನ ಪದಾರ್ಥವನ್ನು ಒಯ್ಯಲು ಅಲ್ಲಿ ಅಪ್ಪಣೆಯಿಲ್ಲ. “ಹಾಲಿಗೂ ಪಾಸ್‌ಪೋರ್ಟ್ ಬೇಕೇನು?” ಎಂದು ಅವ್ವ ಬೇಸರಪಟ್ಟಳು. ಅಲ್ಲಿಯ ಚೌಕ ಮೂರು ಕಡ್ಡಿಗಳ ಬಿರಡೆಗೆ ಹೊಂದುವ ಒಂದು ಜೋಡಣೆ, ವೈದ್ಯರ ಚೀಟಿಯೊಡನೆ ಔಷಧ, ಬೇಸಿಗೆಯಲ್ಲಿಯೂ ಮಳೆ ಬರುವ ದೇಶವೆಂದು ಒಂದು ಕೊಡೆ, ಒಂದು ಉಣ್ಣೆಯ ಅಂಗಿ ಇಷ್ಟು ಪೆಟ್ಟಿಗೆಯಲ್ಲಿ ಸೇರಿದವು. ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ತಾಸು ಹಿಂದೆ. ಜುಲೈ ಮೊದಲಲ್ಲಿ ಲಂಡನ್ನಿನಲ್ಲಿ ಸೂರ್ಯನು ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ. ಸಂಜೆಯ ದೀಪ ಹಚ್ಚುವ ಹೊತ್ತಿಗೆ ಮಗಳಿಗೆ ಇನ್ನೂ ಮಧ್ಯಾಹ್ನವೆಂಬುದನ್ನು ಅಜ್ಜನಿಗೆ ಎರಡು ಸಲ ಬಿಡಿಸಿ ಹೇಳಬೇಕಾಯಿತು.

ಹೊರಡುವ ದಿನ ಬೆಳಗ್ಗೆ ಕದಂಬೇಶ್ವರನಿಗೆ ಕಾಯಿ ಒಡೆಸಿದರು. ಅದೇ ಹೊತ್ತಿಗೆ ಹೊಲಕ್ಕೆ ಹೊರಟಿದ್ದ ಕೂಲಿಯ ಹೆಣ್ಣುಮಕ್ಕಳು ಬುತ್ತಿಯ ಗಂಟು ಹಿಡಿದು ಬಸ್ಸಿನ ನಿಲ್ದಾಣದಲ್ಲಿ ನಿಂತಿದ್ದರು. ಕೂಲಿಯ ಪ್ರಶ್ನೆ ಕೇಳಿದ್ದವಳು ಮುಂದೆ ಬಂದು, ಹುಡುಗಿಯ ಪೆಟ್ಟಿಗೆಯನ್ನು ಎತ್ತಿ ಬಸ್ಸಿನೊಳಗೆ ಇಟ್ಟಳು. ತಂದೆ ಅದನ್ನು ನೋಡಿದ, ಏನೂ ಹೇಳಲಿಲ್ಲ. ಆ ವರ್ಷದ ಹೂಕಟ್ಟುವ ಕೆಲಸಕ್ಕೆ ಅವನು ಕೂಲಿಯನ್ನು ದಿನಕ್ಕೆ ಇಪ್ಪತ್ತು ರೂಪಾಯಿ ಏರಿಸಿದನೆಂಬ ಸುದ್ದಿ, ಶ್ರಾವಣದಲ್ಲಿ, ಅವ್ವನ ಬಾಯಿಂದ ಫೋನಿನ ಮೂಲಕ ಹುಡುಗಿಗೆ ಮುಟ್ಟಿತು. ಅಲ್ಲಿ ಆಗ ಮಧ್ಯಾಹ್ನ.